ರಾಜನಿಗಿರುವ ಒಂದು ಜಿಗಿತ

ಚಿಕ್ಕೋಡಿ
ಬುಧವಾರ, 12 ನವೆಂಬರ್ 2025

ಅಪ್ಪನ ಮಾತನ್ನು ಒಂದೇ ಸಲಕ್ಕೆ ಎಂದೂ ಒಪ್ಪದ ಪ್ರೀತಿಯ ಮಗಳು ಕೋಮಲಳಿಗೆ, ತುಂಬು ಮನಸ್ಸಿನ ಆಶೀರ್ವಾದ.

ಫೋನು ಮಾಡಬಹುದಿತ್ತು. ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀ, ನನಗೆ ಸಿಟ್ಟು ಬರುತ್ತದೆ, ನಿನ್ನ ಅವ್ವ ಇಬ್ಬರನ್ನೂ ಬೈದು ಫೋನು ಇಡುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಗಿನ ಬೆಳಗಾವಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತೇನೆ, ಸ್ಟ್ಯಾಂಡಿಗೆ ಹೋಗಿ ಇಸಿದುಕೋ. ನನ್ನ ಎಪ್ಪತ್ತರ ಸ್ಮರಣ ಸಂಚಿಕೆ ಶುಕ್ರವಾರ ಅಚ್ಚಿಗೆ ಹೋಗುತ್ತದೆ ಎಂದಿದ್ದೀ. ಅಷ್ಟರೊಳಗೆ ಅದರಲ್ಲಿ ಎರಡು ಕಡೆ ತಿದ್ದಬೇಕು. ತಿದ್ದದಿದ್ದರೆ ಇಪ್ಪತ್ಮೂರನೆಯ ತಾರೀಕಿನ ಸತ್ಕಾರಕ್ಕೆ ನಾನು ಬರುವುದಿಲ್ಲ. ಮುದುಕನ ಹಟ ಎಂದು ಮಡಚಿ ಇಡಬೇಡ, ಪೂರ್ತಿ ಓದು.

ಮೊದಲು ಸಂಚಿಕೆಗೆ ನೀನು ಬರೆದ ಲೇಖನದ ಮಾತು. ಚದುರಂಗದ ಇತಿಹಾಸದಲ್ಲಿ ಅತಿಯಾಗಿ ಹೊಗಳಿಸಿಕೊಂಡ ಹತ್ತು ಜನ, ತಕ್ಕ ಬೆಲೆ ಸಿಗದ ಹತ್ತು ಜನ ಎಂದು ಪಟ್ಟಿ ಮಾಡಿದ್ದೀ. ಹೊಗಳಿಸಿಕೊಂಡವರಲ್ಲಿ ಮಾರ್ಫಿಯೇ ಮೊದಲಿಗ. ಅವನ ಎದುರಾಳಿಗಳು ದುರ್ಬಲರಿದ್ದರು ಎನ್ನುವುದು ನಿನ್ನ ವಾದ. ಎದುರಿಗೆ ಕುಳಿತವರನ್ನಲ್ಲದೆ ಮತ್ತ್ಯಾರನ್ನು ಸೋಲಿಸಬೇಕಿತ್ತು ಅವನು? ಕಂಪ್ಯೂಟರು ಮುಂದಿಟ್ಟುಕೊಂಡು ನೂರೈವತ್ತು ವರ್ಷದ ಹಿಂದಿನವನ ತಪ್ಪು ಹುಡುಕುವುದೆಂದರೆ, ಲಾಟೀನಿನ ಬೆಳಕಿನಲ್ಲಿ ಓದಿದವನನ್ನು ಟ್ಯೂಬ್‌ಲೈಟ್ ಯಾಕೆ ಹಚ್ಚಲಿಲ್ಲ ಎಂದು ಕೇಳಿದ ಹಾಗೆ. ಅವನನ್ನು ಅಲ್ಲಿಂದ ಎಬ್ಬಿಸು. ಖಾಲಿಯಾದ ಜಾಗಕ್ಕೆ ಯಾರನ್ನು ಕೂಡಿಸಬೇಕೆಂದು ಆಮೇಲೆ ಹೇಳುತ್ತೇನೆ.

ಎರಡನೆಯ ಪಟ್ಟಿ ಚೆನ್ನಾಗಿದೆ. ಯುದ್ಧ ಬಂದು ವಿಶ್ವಪಟ್ಟದ ಪಂದ್ಯವೇ ತಪ್ಪಿಹೋದ ರೂಬಿನ್‌ಸ್ಟೈನ್, ಮತ್ತೆ ಮತ್ತೆ ಎರಡನೆಯ ಸ್ಥಾನಕ್ಕೇ ನಿಂತ ಕೆರೆಸ್, ಎಲ್ಲರೂ ಸರಿ. ವೆರಾ ಮೆಂಚಿಕ್ ಬಗ್ಗೆ ಓದುವಾಗ ನಕ್ಕೆ. ಈಕೆಗೆ ಸೋತವರದೊಂದು ಸಂಘ ಕಟ್ಟೋಣ ಎಂದು ಚೇಷ್ಟೆ ಮಾಡಿದ ಗಂಡಸೇ ಆ ಸಂಘದ ಮೊದಲ ಸದಸ್ಯನಾದದ್ದು! ಮೊನ್ನೆ ಎರಡನೆಯ ತಾರೀಕಿನ ತನಕ ನಾನು ಅದಕ್ಕೆ ನಗಬಹುದಿತ್ತು. ಈಗ ನಗು ಅರ್ಧಕ್ಕೆ ನಿಲ್ಲುತ್ತದೆ.

ಆದರೆ ಸುಲ್ತಾನ್ ಖಾನನನ್ನು ಒಂಬತ್ತನೆಯವನಾಗಿ ಯಾಕೆ ಹಾಕಿದೆ? ಅವನು ನಮ್ಮ ದೇಶೀ ಆಟದಿಂದ ಹೋದವನು. ನಮ್ಮ ಆಟದಲ್ಲಿ ಕಾಲಾಳು ಪ್ಯಾದೆ ಮೊದಲ ನಡೆಗೂ ಒಂದೇ ಮನೆ ಇಡುತ್ತದೆ. ರಾಜನನ್ನು ಆನೆಯ ಮರೆಗೆ ಕೂಡಿಸುವ ಕೋಟೆ ಇಲ್ಲ. ಅದರ ಬದಲು ಇಡೀ ಆಟದಲ್ಲಿ ಒಂದೇ ಸಲ, ತನ್ನ ಮೇಲೆ ಶಹದ ಏಟು ಬೀಳುವ ಮುನ್ನ, ರಾಜ ಕುದುರೆಯ ಹಾಗೆ ಜಿಗಿಯಬಹುದು. ಅಂಥ ಆಟ ಆಡಿ ಬೆಳೆದವನು ಪರದೇಶದ ನಿಯಮ ಕಲಿತು ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ಚಾಂಪಿಯನ್‌ಷಿಪ್ಪನ್ನು ಮೂರು ಸಲ ಗೆದ್ದ, ಕಾಪಾಬ್ಲಾಂಕಾನಂಥವನನ್ನೂ ಮಣಿಸಿದ. ಗೌರವದ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಬಂದದ್ದು ಸತ್ತು ಐವತ್ತೆಂಟು ವರ್ಷದ ಮೇಲೆ. ಅವನನ್ನು ಬ್ರಿಟನ್ನಿಗೆ ಕರೆದೊಯ್ದ ಯಜಮಾನನ ಮನೆಯಲ್ಲೇ ಕೆಲಸಕ್ಕಿದ್ದ ಫಾತಿಮಾ ಎಂಬಾಕೆ 1933ರಲ್ಲಿ ಅಲ್ಲಿಯ ಹೆಂಗಸರ ಚಾಂಪಿಯನ್ ಆದಳು. ಆಕೆ ನಿನ್ನ ಪಟ್ಟಿಯಲ್ಲೇ ಇಲ್ಲ. ನಲವತ್ತು ವರ್ಷ ಮಕ್ಕಳಿಗೆ ಚದುರಂಗ ಕಲಿಸಿದ ನಾನೂ ಇವರಿಬ್ಬರ ಕಥೆಯನ್ನು ಬಾಯಿಪಾಠದ ಹಾಗೆ ಹೇಳಿದ್ದೇನೆ, ಅಷ್ಟೇ. ಅದು ನಿಜವಾಗಿ ಅರ್ಥವಾದದ್ದು ಮಂಗಸೂಳಿಯಲ್ಲಿ.

ಎರಡನೆಯ ತಾರೀಕಿಗೆ ನಡೆದ ಅಲ್ಲಿಯ ಪಂದ್ಯಾವಳಿಗೆ ನಾನೇ ಮುಖ್ಯ ಅತಿಥಿ, ನಾನೇ ಮುಖ್ಯ ತೀರ್ಪುಗಾರ. ಮೊದಲ ಸುತ್ತಿಗೆ ಆಟಗಾರರು ಬೆಸ ಸಂಖ್ಯೆಯಲ್ಲಿ ಬಂದರು. ನನ್ನ ಶಿಷ್ಯ, ಜಿಲ್ಲಾ ಚಾಂಪಿಯನ್ ಅಭಿನಂದನನ ಎದುರಿನ ಕುರ್ಚಿ ಖಾಲಿ. ಬಾಗಿಲಲ್ಲಿ ಕುರಿ ಕಾಯುವ ಹೆಂಗಸೊಬ್ಬಳು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನೋಡುತ್ತ ನಿಂತಿದ್ದಳು. ಅರವತ್ತು ದಾಟಿದ ವಯಸ್ಸು, ಹೆಸರು ಸಕ್ಕುಬಾಯಿ. ನಾನು ಆಕೆಯನ್ನು ಹಿಂದೆಂದೂ ಕಂಡವನಲ್ಲ. ಯಾರೋ ಚೇಷ್ಟೆಗೆ, ಬಾ ಅಜ್ಜಿ ನೀನೇ ಕೂಡು ಎಂದರು. ಆಕೆ ಬಂದು ಕೂತೇ ಬಿಟ್ಟಳು. ಓರೆಯಾಗಿ ಓಡುವ ಒಂಟೆ ಯಾವುದು, ರಾಜನ ಪಕ್ಕದ ವಜೀರ ಯಾವುದು ಎಂದು ಕೇಳಿ ತಿಳಿದುಕೊಂಡಳು. ಸಭೆ ನಕ್ಕಿತು. ನಾನೂ ನಕ್ಕೆ.

ನಿಯಮಗಳನ್ನು ಓದಿ ಹೇಳುವುದು ತೀರ್ಪುಗಾರನ ಕೆಲಸ. ಹಾರ, ಶಾಲು, ಪೇಟ ಎಂದು ಹೊತ್ತು ಹೋಗಿತ್ತು. ಎಲ್ಲರಿಗೂ ಗೊತ್ತಿದ್ದದ್ದೇ ಎಂದು ನಾನು ಓದಲಿಲ್ಲ. ಇದು ನನ್ನ ತಪ್ಪು, ಬರೆದುಕೋ.

ಇಪ್ಪತ್ತೆಂಟನೆಯ ನಡೆಗೆ ಸಕ್ಕುಬಾಯಿ ರಾಜನನ್ನು ಎತ್ತಿ ಕುದುರೆಯ ಹಾಗೆ ಜಿಗಿಸಿದಳು. ಅಭಿನಂದನ ಕೈ ಎತ್ತಿದ. ನಾನು ಹೋಗಿ, ಇದು ತಪ್ಪು ನಡೆ ಎಂದೆ. ಆಕೆ ನನ್ನ ಮುಖ ನೋಡಿ, “ರಾಜಾಗ ಒಂದ ಜಿಗಿತ ಐತ್ರಿ ಮಾಸ್ತರ. ನಾ ಇನ್ನಾ ಜಿಗಿಸಿದ್ದಿಲ್ಲ” ಎಂದಳು. ಇಲ್ಲಿ ಇಲ್ಲ ಎಂದೆ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬ ನಿಯಮವನ್ನೂ ಹೇಳಿದೆ. ರಾಜನಿಗೆ ಇದ್ದದ್ದು ಒಂದೇ ಮನೆ, ಅಲ್ಲಿಟ್ಟರೆ ವಜೀರ ಹೋಗುತ್ತಿತ್ತು. ಇಟ್ಟಳು, ಹೋಯಿತು. ಆಕೆ ಕಂಬಳಿ ಕೊಡವಿ ಎದ್ದು, “ಮೊದಲ ಹೇಳಿದ್ರ ಬ್ಯಾರೆ ಆಡತಿದ್ನ್ರಿ” ಎಂದಷ್ಟೇ ಹೇಳಿ ಕುರಿಗಳ ಕಡೆ ಹೊರಟುಹೋದಳು.

ಮನೆಗೆ ಬಂದು ಅಭಿನಂದನ ಬರೆದುಕೊಂಡಿದ್ದ ಹಾಳೆ ಮುಂದಿಟ್ಟು ಕಾಯಿ ಜೋಡಿಸಿದೆ. ಕೋಮಲಾ, ಇದನ್ನು ನೋಡು. ಆಕೆಯ ಒಂದು ಪ್ಯಾದೆಯೂ ಎರಡು ಮನೆ ನಡೆದಿರಲಿಲ್ಲ. ಹಾಗೆ ನಡೆಯಬಹುದೆಂದೇ ಆಕೆಗೆ ಗೊತ್ತಿರಲಿಲ್ಲ. ಕೋಟೆ ಕಟ್ಟಿರಲಿಲ್ಲ, ರಾಜ ನಡುಬಯಲಿನಲ್ಲೇ ಇದ್ದ. ಕಾಲಿಗೆ ಕಲ್ಲು ಕಟ್ಟಿಕೊಂಡು ಓಡಿದ ಹಾಗೆ ಆಡಿ, ಜಿಲ್ಲಾ ಚಾಂಪಿಯನ್ನನಿಂದ ಒಂದು ಕುದುರೆ ಕಸಿದುಕೊಂಡಿದ್ದಳು. ಹದಿನೇಳನೆಯ ನಡೆಯಲ್ಲಿ ಆಕೆ ಸುಮ್ಮನೆ ಒಂದು ಒಂಟೆಯನ್ನು ಮೂಲೆಗೆ ಸರಿಸಿದ್ದಾಳೆ. ಯಾಕೆಂದು ನನಗೆ ಒಂದು ಇಡೀ ಮಧ್ಯಾಹ್ನ ತಿಳಿಯಲಿಲ್ಲ. ತಿಳಿದಾಗ ಎದ್ದು ನಿಂತೆ. ಹನ್ನೊಂದು ನಡೆ ಆಚೆ ರಾಜ ಜಿಗಿಯುವ ಮನೆಯನ್ನು ಆ ಒಂಟೆ ಅಲ್ಲಿಂದ ಕಾಯುತ್ತಿತ್ತು. ಇಷ್ಟು ವರ್ಷ ದೊಡ್ಡ ಆಟಗಾರರ ಪುಸ್ತಕ ಓದಿದ್ದೇನೆ. ಹೀಗೆ ಎದ್ದು ನಿಂತದ್ದು ನೆನಪಿಲ್ಲ.

ನಿನ್ನೆ ಮಂಗಳವಾರ ಬಸ್ಸು ಹಿಡಿದು ಮತ್ತೆ ಮಂಗಸೂಳಿಗೆ ಹೋದೆ. ಕಬ್ಬು ಕಡಿದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಆಕೆ ಗೋಣಿಚೀಲದ ಮೇಲೆ ಇದ್ದಿಲಿನಿಂದ ಮನೆ ಬರೆದಳು. ನಾನು ಚೀಲದಿಂದ ಕಾಯಿ ತೆಗೆದೆ. ಈ ಸಲ ನಿಮ್ಮ ನಿಯಮ ಎಂದೆ. ಮೂರು ಆಟ ಆಡಿದೆವು, ಮೂರೂ ಸೋತೆ. ನಡುವೆ ಎದ್ದು ಕುರಿ ತಿರುಗಿಸಿ ಬಂದರೂ ಆಕೆಗೆ ಕಾಯಿ ನೋಡುವ ಅಗತ್ಯ ಬೀಳುತ್ತಿರಲಿಲ್ಲ, ನಿಂತಲ್ಲಿಂದಲೇ ನಡೆ ಹೇಳುತ್ತಿದ್ದಳು. ಸೋಲುವುದು ಇಷ್ಟು ಸುಖವಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಸುಲ್ತಾನ್ ಖಾನನ ಕಥೆ ಹೇಳಿದೆ. ಆಕೆ, ಜಿಗಿತ ಕಸಿದುಕೊಂಡ ಮೇಲೂ ಅವನು ಹೇಗೆ ಗೆದ್ದ ಎಂದು ಕೇಳಿದಳು. ಪರದೇಶದ ನಿಯಮ ಕಲಿಸಿದವರು ಇದ್ದರು ಎಂದೆ. “ಹಂಗಾರ ಆತ ಬಿಡ್ರಿ, ಕಲಸಾವ್ರ ಇದ್ರು” ಎಂದಳು. ಅದು ನನಗೆ ಹೇಳಿದ್ದಲ್ಲ ಎಂದುಕೊಳ್ಳಲು ಬಹಳ ಪ್ರಯತ್ನ ಮಾಡಿದೆ.

ಹೊರಡುವಾಗ, “ನಾಕ ಆದ್ವು ನೋಡ್ರಿ ಮಾಸ್ತರ” ಎಂದಳು. ಆಡಿದ್ದು ಮೂರು. ವಯಸ್ಸಾಗಿದೆ, ಲೆಕ್ಕ ತಪ್ಪಿದೆ ಎಂದುಕೊಂಡು ತಿದ್ದಲಿಲ್ಲ.

ಈಗ ನಿನ್ನ ಕೆಲಸ. ಬೆಲೆ ಸಿಗದವರ ಪಟ್ಟಿಯಲ್ಲಿ ಸುಲ್ತಾನ್ ಖಾನನನ್ನು ಮೇಲಕ್ಕೆ ತಾ, ಫಾತಿಮಾಳನ್ನು ಸೇರಿಸು, ಕೊನೆಗೆ ಮಂಗಸೂಳಿಯ ಸಕ್ಕುಬಾಯಿ ಎಂದು ಬರೆ. ಆ ಇಪ್ಪತ್ತೆಂಟು ನಡೆಗಳನ್ನೂ ಅಚ್ಚು ಹಾಕಿಸು, ಹಾಳೆ ಇದರೊಂದಿಗೆ ಇದೆ. ಅಭಿನಂದನನೇ ಕೊಟ್ಟದ್ದು, ಆ ಪಂದ್ಯಾವಳಿಯ ಬಹುಮಾನ ಮುಟ್ಟಲು ಅವನಿಗೆ ಮನಸ್ಸಾಗಿಲ್ಲ. ಎರಡನೆಯದು, ಸಂಚಿಕೆಯ ಮುಖಪುಟದ ಮೇಲೆ ನನ್ನ ಫೋಟೋದ ಕೆಳಗಿರುವ ‘ಗಡಿನಾಡಿನ ಸೋಲರಿಯದ ಸರದಾರ’ ಎಂಬ ಮಾತು. ಅದರ ಮುಂದೆ ಕಂಸದಲ್ಲಿ ‘ನವೆಂಬರ್ ಹನ್ನೊಂದರವರೆಗೆ’ ಎಂದು ಸೇರಿಸು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವನ ಸಾಲಿಗೆ ಸೇರಲು ನನಗೆ ಇಷ್ಟವಿಲ್ಲ.

ಇಪ್ಪತ್ಮೂರಕ್ಕೆ ವೇದಿಕೆಯ ಮೇಲೆ ದೇಶೀ ಆಟ ಇಡೋಣ, ಬರುತ್ತೀರಾ ಎಂದು ಆಕೆಯನ್ನು ಕೇಳಿದ್ದೇನೆ. ಅಷ್ಟೊತ್ತಿಗೆ ಕುರಿ ರಾಯಬಾಗ ಕಡೆ ಹೋಗಿರುತ್ತವಂತೆ. “ಆಟ ಇದ್ರ ಬರತೀನ್ರಿ. ಬರೇ ಹಾರ ಹಾಕೂದಿದ್ರ ಒಲ್ಲೆ” ಎಂದಿದ್ದಾಳೆ. ಬಸ್ ಸ್ಟ್ಯಾಂಡಿಗೆ ನೀನೇ ಹೋಗಿ ಕರೆದುಕೊಂಡು ಬಾ.

ನಿನ್ನ ಅವ್ವ ಆರಾಮ ಇದ್ದಾಳೆ.

ಇತಿ ನಿನ್ನ ಅಪ್ಪ,
ರಾವಸಾಹೇಬ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಸಕ್ಕುಬಾಯಿಯನ್ನು ಹಿಂದೆಂದೂ ಕಂಡಿರಲಿಲ್ಲ ಎಂದು ಬರೆದದ್ದು ಸುಳ್ಳು. 1979ರಲ್ಲಿ ನಾನು ಮಂಗಸೂಳಿ ಶಾಲೆಯಲ್ಲಿ ಹೊಸ ಮಾಸ್ತರ. ಮಲ್ಲಯ್ಯನ ಗುಡಿಯ ಮುಂದಿನ ಕಲ್ಲಿನ ಮೇಲೆ ಮಾಳಸಿದ್ದ ಎಂಬ ಕುರಿಗಾರನ ಜೊತೆ ದೇಶೀ ಆಟ ಆಡುತ್ತಿದ್ದೆ, ಗೆಲ್ಲುವುದರಲ್ಲಿದ್ದೆ. ಅವನ ಹಿಂದೆ ನಿಂತಿದ್ದ ಹೊಸ ಮದುಮಗಳು “ಜಿಗಸ್ರಿ” ಎಂದು ಒಂದೇ ಮಾತು ಅಂದಳು. ರಾಜ ಜಿಗಿದ, ನಾಲ್ಕು ನಡೆಗೆ ನಾನು ಮುಗಿದೆ. ನಾನು ಎದ್ದು, ನಿಂತವರ ಮಾತು ನಡೆಯುವುದಿಲ್ಲ, ಅದರಲ್ಲೂ ಹೆಂಗಸಿನ ಮಾತು, ಈ ಆಟ ಲೆಕ್ಕಕ್ಕಿಲ್ಲ ಎಂದೆ. ಮಾಸ್ತರ ಹೇಳಿದ ಮೇಲೆ ಊರು ಒಪ್ಪಿತು. ಸೋಲರಿಯದ ಎಂಬ ಮಾತು ಹುಟ್ಟಿದ್ದು ಆ ಕಲ್ಲಿನ ಮೇಲೆ. ಮೊನ್ನೆ ಆಕೆ ರಾಜನನ್ನು ಎತ್ತಿದಾಗ, ಅದು ಎಲ್ಲಿ ಇಳಿಯುತ್ತದೆಂದು ಇಡೀ ಸಭೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಎರಡು ಸಲವೂ ನಿಯಮ ಹೇಳುವವನು ನಾನೇ ಆಗಿದ್ದೆ.

ಕಂಸ ಬೇಡ, ಆ ಮಾತನ್ನೇ ತೆಗೆದುಹಾಕು. ಹೊಗಳಿಸಿಕೊಂಡವರ ಪಟ್ಟಿಯಲ್ಲಿ ಮಾರ್ಫಿ ಎದ್ದ ಜಾಗದಲ್ಲಿ ನನ್ನ ಹೆಸರು ಬರೆ. ವೇದಿಕೆಯ ಮೇಲೆ ನಾನೇ ಹೇಳಬೇಕೆಂದಿದ್ದೇನೆ, ಆದರೆ ಅಲ್ಲಿ ನಾಲಿಗೆ ಹೊರಳದೆ ಹೋದರೆ ಎಂಬ ಹೆದರಿಕೆಗೆ ಅಚ್ಚಿನಲ್ಲಿ ಮೊದಲೇ ಇರಲಿ. ಸಕ್ಕುಬಾಯಿಯ ಲೆಕ್ಕ ತಪ್ಪಿರಲಿಲ್ಲ. ನಾನು ಆಕೆಗೆ ಸೋತ ಆಟ ನಾಲ್ಕು ಎಂದೇ ಹಾಕು.