ಇಲ್ಲದ ಕತ್ತೆಯ ಪಾಪ

ಬಾಳೂರು
ಫೆಬ್ರವರಿ 4, ಮಂಗಳವಾರ

ನನ್ನ ಮುದ್ದು ಅಮ್ಮನಿಗೆ,

ಮದುವೆಯಾಗಿ ಇವತ್ತಿಗೆ ಎಪ್ಪತ್ತೊಂದು ದಿನ. ಎಣಿಸುತ್ತಿರುವುದು ನಾನಲ್ಲ, ನೆವಿಲ್. ದಿನವೂ ಫೋನಿನಲ್ಲಿ ಸಿಗುವ ಮಗಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ನಾನು ನಗುತ್ತಾ ಬೇರೆ ವಿಷಯಕ್ಕೆ ಜಾರಿಬಿಡುತ್ತೇನೆ. ಕಾಗದದಲ್ಲಿ ಜಾರುವುದು ಅಷ್ಟು ಸುಲಭವಲ್ಲ.

ಎಲ್ಲರೂ ಚೆನ್ನಾಗಿದ್ದಾರೆ. ನೆವಿಲ್ ಬೆಳಗ್ಗೆ ನನಗೆ ಕಾಫಿ ತಂದುಕೊಟ್ಟೇ ತೋಟಕ್ಕೆ ಇಳಿಯುತ್ತಾನೆ. ಅದನ್ನು ನೋಡಿ ಅತ್ತೆ, "ನಿಮ್ಮಪ್ಪ ನಲವತ್ತು ವರ್ಷದಲ್ಲಿ ನಂಗೊಂದು ಲೋಟ ನೀರು ಕೊಟ್ಟಿಲ್ಲ ಮಾರಾಯ" ಅಂದರು. ಮಾವ ಪೇಪರು ಕೆಳಗಿಳಿಸದೆ, "ನೀನು ಕೇಳಿದ್ಯಾ?" ಅಂದರು. ಇಂಥ ಮನೆ, ಅಮ್ಮ. ನಾನು ಅದೃಷ್ಟವಂತೆ.

ನಾನು ಬರೆಯಬೇಕಾಗಿರುವುದು ಜೆನಿಷಾಳ ವಿಷಯ. ಭಾವನ ಮಗಳು, ಒಂಬತ್ತು ವರ್ಷ. ಭಾವ, ಅಕ್ಕ ಇಬ್ಬರೂ ಮಂಗಳೂರಿನಲ್ಲಿ ಆಸ್ಪತ್ರೆಯ ಕೆಲಸದಲ್ಲಿರುವುದರಿಂದ ಅವಳು ಇಲ್ಲಿ ಅಜ್ಜ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾಳೆ. ನಾನು ಬಂದ ವಾರವೇ ನನ್ನ ಕಿವಿಯಲ್ಲಿ, ಈ ಮನೆಗೆ ಬಂದ ಸೊಸೆ ನಲವತ್ತು ದಿನ ತನ್ನ ಪಾಲಿನ ಸಿಹಿಯನ್ನು ಮಕ್ಕಳಿಗೆ ಕೊಡಬೇಕು, ಇದು ಪದ್ಧತಿ ಎಂದು ಹೇಳಿದಳು. ನಾಲ್ಕು ದಿನ ಕೊಟ್ಟೆ. ಬ್ರಷ್ ಒದ್ದೆ ಮಾಡಿ ಹಲ್ಲುಜ್ಜಿದೆ ಅನ್ನುತ್ತಾಳೆ. ಶಾಲೆಯಲ್ಲಿ ನಮ್ಮ ಹಿತ್ತಲಿಗೆ ಚಿರತೆ ಬಂದಿತ್ತು ಎಂದು ಅವಳು ಹೇಳಿದ್ದಕ್ಕೆ ಟೀಚರು ಅತ್ತೆಗೆ ಫೋನ್ ಮಾಡಿದ್ದರು. ಎಲ್ಲರೂ ನಗುತ್ತಿದ್ದೆವು.

ಜನವರಿ ಹದಿನೆಂಟರ ಶನಿವಾರ ನಗು ನಿಂತಿತು. ಅಂಗಳದ ಕಣದಲ್ಲಿ ಹತ್ತು ದಿನದಿಂದ ಕಾಫಿ ಕಾಳು ಒಣಗುತ್ತಿತ್ತು. ಅದನ್ನು ತಿರುವುತ್ತಾ ಕಾಯುವ ಕೆಲಸ ದೇವೀರಮ್ಮನದು. ಅರವತ್ತು ದಾಟಿದೆ, ಮಂಡಿ ನೋವು. ತೋಟದಲ್ಲಿ ಇದಕ್ಕಿಂತ ಹಗುರವಾದ ಕೆಲಸ ಇಲ್ಲ. ಮಧ್ಯಾಹ್ನ ಅವಳು ಊಟಕ್ಕೆ ಕೆಳಗೆ ಆಳುಗಳ ಲೈನ್ ಮನೆಗೆ ಹೋಗುತ್ತಾಳೆ. ಅಲ್ಲಿಂದ ಗುಡ್ಡದ ಆಚೆಯ ಆಕಾಶ ಕಾಣುವುದಿಲ್ಲ. ಅಷ್ಟು ಹೊತ್ತು ಕಣ ಮನೆಯವರ ಪಾಲಿಗೆ. ಮೋಡ ಕಂಡರೆ ಅವಳಿಗೆ ಹೇಳಿ ಕಳಿಸಬೇಕು, ಅವಳು ಲೈನಿನವರನ್ನು ಕರೆತಂದು ಟಾರ್ಪಾಲು ಎಳೆಸುತ್ತಾಳೆ. ಆ ದಿನ ಮಾವ ಮತ್ತು ನೆವಿಲ್ ಮೂಡಿಗೆರೆಗೆ ಹೋಗಿದ್ದರು, ಅತ್ತೆ ಚರ್ಚಿನ ಮಹಿಳೆಯರ ಸಭೆಗೆ. ನಾನು ಜೆನಿಷಾಳನ್ನು ಲೈನಿಗೆ ಓಡಿಸಿದೆ. ಅಕಾಲದ ಮಳೆ ಸುರಿದು ಕಾಳೆಲ್ಲ ನೆನೆಯಿತು. ಜೆನಿಷಾ ತೊಯ್ದು ಬಂದು, "ಹೇಳಿದೆ, ದೇವೀರಮ್ಮ ಊಟ ಮುಗಿಸಿ ಬರ್ತೀನಿ ಅಂದ್ಲು" ಅಂದಳು.

ಮಾವ ಸಂಜೆ ಬಂದು ಕಾಳನ್ನು ಮುಷ್ಟಿಯಲ್ಲಿ ಎತ್ತಿ ಮೂಸಿ ನೋಡಿದರು. ದೇವೀರಮ್ಮ, "ನಂಗ್ಯಾರೂ ಹೇಳ್ಲಿಲ್ಲ ಸಾವ್ಕಾರ್ರೆ" ಅಂದಳು, ಒಂದೇ ಸಲ. ಮಾವ ಕೂಗಾಡುವವರಲ್ಲ. "ನಿಂಗೆ ಕಣ ಆಗಲ್ಲ ದೇವೀರಮ್ಮ. ನಾಳಿದ್ದಿನಿಂದ ಕುಯ್ಲಿಗೆ ಹೋಗು" ಅಂದರು. ಎರಡು ವಾರ ಅವಳು ಮೇಲಿನ ಇಳಿಜಾರಿನಲ್ಲಿ ಗಿಡ ಹಿಡಿದು ಹಿಡಿದು ಹತ್ತುತ್ತಿದ್ದಳು.

ಬರುವ ಭಾನುವಾರ ಜೆನಿಷಾಳಿಗೆ ಮೊದಲ ಪರಮಪ್ರಸಾದ. ಮೊನ್ನೆ ಶನಿವಾರ ಮೊದಲ ಪಾಪನಿವೇದನೆ ಆಯಿತು. ಮನೆಗೆ ಬಂದವಳು ಬಿಳಿ ಫ್ರಾಕು ಹಾಕಿ ನೋಡಲು ಒಪ್ಪಲಿಲ್ಲ. ನನ್ನ ಮಂಚದ ಮೇಲೆ ಕೂತು, "ಚಿಕ್ಕಮ್ಮ, ನಾನು ಪ್ರಸಾದ ತಗೊಳಲ್ಲ" ಅಂದಳು. ಯಾಕೆಂದು ಕೇಳಿದೆ. ಫಾದರಿಗೂ ಸುಳ್ಳು ಹೇಳಿದಳಂತೆ. ನಿಜವಾದದ್ದನ್ನು ಹೇಳಲು ಹೆದರಿ, ಚರ್ಚಿನಲ್ಲಿ ಪಾಠ ಹೇಳುವ ಸಿಸ್ಟರ್ ಕೊಟ್ಟಿದ್ದ ಹಾಳೆಯಿಂದ ಹತ್ತು ಆಜ್ಞೆಗಳನ್ನು ಒಂದೊಂದಾಗಿ ಮುರಿದಿದ್ದೇನೆ ಎಂದು ಓದುತ್ತಾ ಹೋಗಿದ್ದಾಳೆ. ಅರ್ಥವಾಗದ ಒಂದನ್ನು ಮಾತ್ರ ಬಿಟ್ಟಳಂತೆ. ನೆರೆಯವರ ಕತ್ತೆಗೆ ಆಸೆಪಟ್ಟೆ ಎಂದೂ ಹೇಳಿದ್ದಾಳೆ.

"ಬಾಳೂರಲ್ಲಿ ಕತ್ತೆ ಎಲ್ಲಿದೆ?" ಅಂದೆ.

"ಇಲ್ಲ, ಅದೂ ಸುಳ್ಳು" ಅಂದು ಅತ್ತಳು.

ಆಮೇಲೆ ನಿಜ ಹೊರಗೆ ಬಂತು. ಆ ದಿನ ಅವಳು ಲೈನಿನವರೆಗೆ ಹೋಗಲೇ ಇಲ್ಲ. ದಾರಿಯಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ ನಾಯಿಮರಿಗಳಿದ್ದವು, ಅಲ್ಲೇ ನಿಂತಳು.

ಏನು ಮಾಡಬೇಕೋ ನನಗೆ ತೋಚಲಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಅವಳನ್ನು ಆ ಸಿಸ್ಟರ್ ಪ್ರೇಮಲತಾ ಹತ್ತಿರ ಕರೆದುಕೊಂಡು ಹೋದೆ. ಸಿಸ್ಟರ್ ಬೈಯಲಿಲ್ಲ. ಕೊನೆಯ ಬೆಂಚಿನಲ್ಲಿ ಜೊತೆಗೆ ಕೂರಿಸಿಕೊಂಡು, "ದೇವರಿಗೆ ಹೇಳೋದು ಸುಲಭ ಪುಟ್ಟಿ, ಆತಂಗೆ ಮೊದಲೇ ಗೊತ್ತು. ಆತ ನಿನ್ನ ಕೈ ಬಿಡಲ್ಲ. ಆದ್ರೆ ದೇವೀರಮ್ಮನ ಮಂಡಿ ನೋವು ನಿನ್ನ ಪ್ರಾರ್ಥನೆಯಿಂದ ಇಳಿಯಲ್ಲ, ನೀನು ಹೋಗಿ ಹೇಳ್ಬೇಕು. ಬಾ ಅಂದ್ರೆ ನಾನೂ ಬರ್ತೀನಿ" ಅಂದರು. ಆಮೇಲೆ ಇಬ್ಬರೂ ಕಣ್ಣು ಮುಚ್ಚಿ, ಧೈರ್ಯ ಕೊಡು ಎಂದು ಕೇಳಿಕೊಂಡರು. ನಾನೂ ಕಣ್ಣು ಮುಚ್ಚಿದೆ.

ನಿನ್ನೆ ಶಾಲೆ ಬಿಟ್ಟ ಮೇಲೆ ಮೂವರೂ ಇಳಿಜಾರು ಹತ್ತಿದೆವು. ಸಿಸ್ಟರ್ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ. ಜೆನಿಷಾ ದೇವೀರಮ್ಮನ ಎದುರು ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ದೇವೀರಮ್ಮ ಕೈ ನಿಲ್ಲಿಸದೆ ಹಣ್ಣು ಬಿಡಿಸುತ್ತಾ, "ನಂಗೊತ್ತಿತ್ತು ಮಗ. ನೀ ಬಂದಿದ್ರೆ ನಮ್ಮನೆ ನಾಯಿ ಬೊಗಳ್ತಿತ್ತು" ಅಂದಳು.

ಮತ್ತೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ.

"ಸಾವ್ಕಾರ್ರ ಮೊಮ್ಮಗಳು ಸುಳ್ಳಿ ಅಂತ ನಾ ಯಾವ ಬಾಯಲ್ಲಿ ಹೇಳ್ಲಿ ಚಿಕ್ಕಮ್ಮಾರೆ? ನಂಗೆ ಹೇಳಿದ್ದು ಆಯ್ತು. ಈಗ ಅವರಿಗೆ ಹೇಳ್ಲಿ."

ಹಣ್ಣು ತೂಗುವ ಹೊತ್ತಿಗೆ, ಆಳುಗಳೆಲ್ಲ ಚೀಲ ಇಳಿಸಿ ನಿಂತಿದ್ದಾಗ, ಮಗು ಅಜ್ಜನಿಗೆ ಹೇಳಿತು. ಸಿಸ್ಟರ್ ಅವಳ ಹಿಂದೆ ನಿಂತಿದ್ದರು. ಮಾವ ತಕ್ಕಡಿಯ ಚೀಲವನ್ನು ಕೆಳಗಿಳಿಸಿದರು. "ಚಿಕ್ಕಮ್ಮ ಹೇಳಿದ ಕೂಡ್ಲೆ ನೀನು ಓಡಿದ್ರೆ ಕಾಳು ಉಳೀತಿತ್ತಲ್ವಾ?" ಎಂದು ಕೇಳಿದರು. ಜೆನಿಷಾ ಒಮ್ಮೆ ನನ್ನ ಕಡೆ ನೋಡಿ, "ಹೌದು ಅಜ್ಜ, ನಂದೇ ತಪ್ಪು" ಅಂದಳು. ಮಾವ ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಎಲ್ಲರೆದುರು, "ನಿನ್ನ ಮಾತು ನಂಬಬೇಕಿತ್ತು ದೇವೀರಮ್ಮ. ನಾಳೆಯಿಂದ ಕಣಕ್ಕೆ ಬಾ" ಅಂದರು. ಅವಳು, "ಹಿಡಿದ ಸಾಲು ಮುಗಿಸಿ ಸೋಮವಾರ ಬರ್ತೀನಿ" ಅಂದಳು.

ಜೆನಿಷಾ ಇವತ್ತು ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಫ್ರಾಕು ಹಾಕಿ ನೋಡಿದಳು. ತೋಳು ಸ್ವಲ್ಪ ಬಿಗಿ, ಅತ್ತೆ ಬಿಚ್ಚಿ ಹೊಲಿಯುತ್ತಿದ್ದಾರೆ. ಅಪ್ಪನನ್ನು ಕರೆದುಕೊಂಡು ಶನಿವಾರವೇ ಬಂದುಬಿಡು.

ನಿನ್ನ
ಅರ್ಚನಾ

ತಾ.ಕ.: ಅಮ್ಮ, ಹದಿನೆಂಟರ ಮಧ್ಯಾಹ್ನ ನಾನು ಸೀರೆಗಳನ್ನು ಒಂದೊಂದಾಗಿ ಉಟ್ಟು ವಿಡಿಯೋ ಕಾಲಿನಲ್ಲಿ ನಿನಗೆ ತೋರಿಸುತ್ತಿದ್ದೆ, ನೆನಪಿದೆಯಾ? ಗುಡ್ಡದ ಮೇಲೆ ಕಪ್ಪಾದದ್ದು ಕಿಟಕಿಯಲ್ಲಿ ಕಂಡಿತ್ತು. ಇನ್ನೊಂದು ಸೀರೆ ಮುಗಿಯಲಿ ಅಂದುಕೊಂಡೆ. ಜೆನಿಷಾಳನ್ನು ಓಡಿಸಿದ್ದು ಹನಿ ಬಿದ್ದ ಮೇಲೆ. ಅವಳು ಎಲ್ಲೂ ನಿಲ್ಲದೆ ಹೋಗಿದ್ದರೂ ಕಾಳು ನೆನೆಯುತ್ತಿತ್ತು. ನಾನೇ ಟಾರ್ಪಾಲಿನ ಒಂದು ತುದಿಯನ್ನಾದರೂ ಎಳೆಯಬಹುದಿತ್ತು, ಮೈಮೇಲೆ ರೇಷ್ಮೆ ಇತ್ತು, ಅಂಗಳಕ್ಕೆ ಇಳಿಯಲಿಲ್ಲ. ಮಗುವಿಗೆ ಇದೆಲ್ಲ ಗೊತ್ತು. ನಿನ್ನೆ ಅಜ್ಜ ಕೇಳಿದಾಗ ಅವಳು ನನಗಾಗಿ ಇನ್ನೊಂದು ಸುಳ್ಳು ಹೇಳಿದಳು, ನಾನು ಸುಮ್ಮನೆ ನಿಂತಿದ್ದೆ. ಮಾವ ಈಗ ಕಣದಲ್ಲಿ ಒಬ್ಬರೇ ಕಾಳು ತಿರುವುತ್ತಿದ್ದಾರೆ. ಮೊದಲು ಅವರ ಹತ್ತಿರ ಹೋಗಿ ಹೇಳುತ್ತೇನೆ, ಅಲ್ಲಿಂದ ಇಳಿಜಾರಿಗೆ, ದೇವೀರಮ್ಮನ ಹತ್ತಿರ. ಈ ಕಾಗದವನ್ನು ಬಂದ ಮೇಲೆ ಅಂಟಿಸುತ್ತೇನೆ.