ದೇವರು ಮುಂದೆ ಬಂದ

ನೆರೆಗಾಲದ ಎರಡನೆಯ ತಿಂಗಳು, ಹದಿನೆಂಟನೆಯ ದಿನ

ಪ್ರೀತಿಯ ಹೆನುತ್ ಅಕ್ಕನಿಗೆ, ತಮ್ಮ ನೆಬ್ರೆ ಮಾಡುವ ನಮಸ್ಕಾರಗಳು.

ಮಗಳ ಬಾಣಂತನ ಸುಸೂತ್ರವಾಗಿ ನಡೆಯುತ್ತಿದೆ ಎಂದು ದೋಣಿಯವರು ಹೇಳಿದರು. ಮಗುವನ್ನು ಕೆಳಗೆ ಮಲಗಿಸಿ, ಕೂತುಕೊಂಡು ಇದನ್ನು ಕೇಳು. ಪಶೇದು ಭಾವನನ್ನು ಕಟ್ಟಿಹಾಕಿದ್ದಾರೆ.

ದೇವರು ಉಟ್ಟುಬಿಟ್ಟ ನಾರುಬಟ್ಟೆ ಒಂದು ಹೊರೆ ಗುಡಿಯಿಂದ ಕಾಣೆಯಾಯಿತು. ಅದನ್ನು ಒಗೆಯುವ ಭಾವನೇ ಕದ್ದ ಎಂದುಬಿಟ್ಟರು ಹಿರಿಯ ಅರ್ಚಕ ಬಕೆನ್. ಸುಳ್ಳು ಅಕ್ಕಾ, ಅಪ್ಪಟ ಸುಳ್ಳು! ಹೆಣ ಸುತ್ತುವವರಿಗೆ ಅದನ್ನು ಮಾರಿದವರು ಅವರೇ. ದೇವರ ಮೈಮೇಲಿದ್ದ ಬಟ್ಟೆ ಸುತ್ತಿಸಿಕೊಂಡು ಹೋಗಲು ದೊಡ್ಡ ಮನೆಯವರು ಏನು ಬೇಕಾದರೂ ಕೊಡುತ್ತಾರೆ. ಹೊರೆ ಹೊರಗೆ ಹೋದದ್ದನ್ನು ನಾನೇ ನೋಡಿದ್ದೇನೆ.

ಬಕೆನ್ ಬಳಿಗೇ ಹೋಗಿ ಕೇಳಿದೆ. ನಂಬು, ಕೇಳಿಯೇ ಕೇಳಿದೆ. ಅವರು ತಲೆ ಬೋಳಿಸಿಕೊಳ್ಳುತ್ತಾ ಕೂತಿದ್ದರು. "ಏನಯ್ಯಾ ನೆಬ್ರೆ, ದೇವರನ್ನ ಹೊರೋನಿಗೆ ಹೆಗಲಿದ್ರೆ ಸಾಕು, ಬಾಯಿ ಯಾಕೆ? ನಿಮ್ಮ ಭಾವಂದು ದೇವರನ್ನೇ ಕೇಳೋಣ ಬಿಡು" ಎಂದು ನಕ್ಕರು. ಕ್ಷೌರಿಕನೂ ನಕ್ಕ. ನಾನು ಎದ್ದು ಬಂದೆ.

ನಿನ್ನೆ ಅಮುನ್ ದೇವರ ಮೆರವಣಿಗೆ. ನಾವು ಹದಿನಾರು ಅರ್ಚಕರು ದೇವರನ್ನು ಕೂರಿಸಿದ ದೋಣಿಯನ್ನು ಹೆಗಲ ಮೇಲೆ ಹೊತ್ತೆವು. ನನ್ನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದರು. ಕೇಳಿದ ಪ್ರಶ್ನೆಗೆ ದೇವರು ಮುಂದೆ ಬಂದರೆ ಹೌದು, ಹಿಂದೆ ಸರಿದರೆ ಅಲ್ಲ. ಭಾವ ಎದುರಿಗೆ ಬಂದು ನಿಂತ. ನನ್ನನ್ನು ಕಂಡು ಅವನ ಮುಖ ಅರಳಿತು. ಆಮೇಲೆ ದೇವರ ಕಡೆ ತಿರುಗಿ, "ಸ್ವಾಮೀ, ನಿಮ್ಮ ಬಟ್ಟೆ ಒಗ್ದೂ ಒಗ್ದೂ ಕೈ ಸವೆಸ್ಕೊಂಡೋನು ನಾನು. ಗುರ್ತು ಸಿಗ್ಲಿಲ್ವಾ?" ಎಂದ. ಜನರೆಲ್ಲ ನಕ್ಕರು.

"ಬಟ್ಟೆ ಕದ್ದೋನು ಇವನೇನಾ ಪ್ರಭೂ?" ಎಂದು ಬಕೆನ್ ಕೇಳಿದರು.

ದೇವರು ಮುಂದೆ ಬಂದ.

ಹಿಮ್ಮಡಿ ಊರಿ ತಡೆದೆ ಅಕ್ಕಾ. ಹಿಂದಿನವರು ನೂಕಿದರು. ಹದಿನೈದು ಜನ ನೂಕುವಾಗ ಒಬ್ಬನ ಕೈಯಲ್ಲಿ ಏನಾಗುತ್ತದೆ ಹೇಳು?

ಭಾವನ ಬೆನ್ನಿಗೆ ನೂರು ಏಟು ಬಿತ್ತು. ಅದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಬೇರೆ. ನೀರು ಕುಡಿಸಲು ಹೋದಾಗ ಭಾವ ನನ್ನ ಕೈ ಹಿಡಿದು, "ದೇವರೇ ಹೌದು ಅಂದ್ಮೇಲೆ ನಾನೇ ಎಲ್ಲೋ ಹೊಳೆಗೆ ಬಿಟ್ಟಿರ್ಬೇಕು ಕಣೋ. ನೆನಪಾಗ್ತಿಲ್ಲ" ಎಂದು ಅತ್ತ. ಪಕ್ಕದೂರಿನ ದೇವರನ್ನೂ ಕೇಳಿಸೋಣ ಎಂದೆ. ಕಿವಿ ಮುಚ್ಚಿಕೊಂಡ.

ಇನ್ನು ಹತ್ತು ದಿನಕ್ಕೆ ಅವನನ್ನು ಕಲ್ಲುಗಣಿಗೆ ಸಾಗಿಸುತ್ತಾರೆ. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ. ಸಿಕ್ಕ ದೋಣಿ ಹತ್ತಿ ಬಂದುಬಿಡು, ಒಂದು ಸಲ ಮುಖವನ್ನಾದರೂ ನೋಡು.

ಕೈಲಾಗದ ನಿನ್ನ ತಮ್ಮ,
ನೆಬ್ರೆ

ಮತ್ತೆ: ಇದನ್ನು ಅಕ್ಕನಿಗೆ ಓದಿ ಹೇಳುತ್ತಿರುವ ಕರಣಿಕರೇ, ಇಲ್ಲಿಗೆ ನಿಲ್ಲಿಸಿ. ಮುಂದಿನದು ಅವಳಿಗಲ್ಲ. ಹಿಂದಿನಿಂದ ಯಾರೂ ನೂಕಲಿಲ್ಲ. ದೇವರು ಹಿಂದೆ ಸರಿದರೆ ಆಮೇಲೆ ಕಳ್ಳನೆಂದು ಕೇಳುವ ಹೆಸರು ನಿನ್ನದು ಎಂದು ಬಕೆನ್ ಮೆರವಣಿಗೆಯ ಬೆಳಿಗ್ಗೆಯೇ ನನಗೆ ಹೇಳಿದ್ದರು. ಮೊದಲ ಹೆಜ್ಜೆ ಇಟ್ಟವನು ನಾನೇ. ಯಾರಿಗೂ ಹೇಳದೆ ಇರಲಾಗಲಿಲ್ಲ. ಇನ್ನೂ ಏನೋ ಬರೆದಿದೆಯಲ್ಲ ಎಂದು ಅಕ್ಕ ಕೇಳಿದರೆ, ತಮ್ಮ ಇನ್ನೊಂದು ಸಲ ನಮಸ್ಕಾರ ಬರೆದಿದ್ದಾನೆ ಎಂದು ಹೇಳಿಬಿಡಿ.