ಗೋಡೆಯಿಂದ ಬಂದ ಅಣ್ಣ

ಕೆರೆಯಂಗಳ ಅಗೆಯಲು ಅನುಮತಿ ಕೊಡುವ ಮಾನ್ಯ ಜಿಲ್ಲಾ ಪರಿಸರಾಧಿಕಾರಿಗಳೇ,

ನಮ್ಮ ಊರಿನ ಕೆರೆಯಲ್ಲಿ ಮೀನಿಲ್ಲ ಎಂದು ತಾವು ಬರೆದುಕೊಟ್ಟಿದ್ದೀರಿ. ಮೀನಿದೆ. ಆ ಮೀನು ನನ್ನ ಅಣ್ಣ. ಈ ಬೇಸಿಗೆಯಲ್ಲಿ ತಮ್ಮ ಅನುಮತಿ ಹಿಡಿದುಕೊಂಡು ಇಟ್ಟಿಗೆ ಕಂಪನಿಯವರು ಅರ್ಧ ಕೆರೆಯನ್ನು ಅವನ ಸಮೇತ ಕೊಯ್ದು ಮಾರಿದರು. ಉಳಿದರ್ಧವನ್ನು ಜೂನ್ ಒಂದರಿಂದ ಅಗೆಯಬಹುದು ಎಂಬ ತಮ್ಮ ನೋಟೀಸನ್ನು ಊರ ಮುಖ್ಯಸ್ಥರ ಮನೆ ಮುಂದಿನ ಬೇವಿನ ಮರಕ್ಕೆ ಮೊಳೆ ಹೊಡೆದು ಹೋಗಿದ್ದಾರೆ.

ಇದು ನನ್ನ ನಾಲ್ಕನೆಯ ಪತ್ರ. ಮೊದಲ ಮೂರರ ಮೇಲೆ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಿತ್ತು, ಬಲು ಅಚ್ಚುಕಟ್ಟಾದ ಮೊಹರು. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು ಅನ್ನೋಣವೆಂದರೆ ಮಳೆಯೇ ಈಗ ನಮ್ಮಲ್ಲಿ ಅಪರೂಪ. ಸಿಟ್ಟು ಮಾಡಿಕೊಳ್ಳುವ ತ್ರಾಣವೂ ನನಗೆ ಉಳಿದಿಲ್ಲ. ಆದ್ದರಿಂದ ಈ ಸಲ ಪತ್ರವನ್ನು ಪತ್ರಿಕೆಗೂ ಕಳಿಸಿದ್ದೇನೆ. ಬೋಲ್ಗಾ ಪಟ್ಟಣದ ಸಂತೆಯಲ್ಲಿ ಕಡಲೆಕಾಯಿ ಪೊಟ್ಟಣ ಬಿಚ್ಚಿದವರಾದರೂ ಓದಲಿ.

ತಾವು ಸಮುದ್ರದ ಕಡೆಯವರು, ನಮ್ಮ ರೀತಿನೀತಿ ತಮಗೆ ತಿಳಿದಿರಬೇಕಿಲ್ಲ. ಇಲ್ಲಿ ಕುಲಕ್ಕೊಂದು ಪ್ರಾಣಿ. ಕೆಲವರಿಗೆ ಮೊಸಳೆ, ಕೆಲವರಿಗೆ ಹೆಬ್ಬಾವು, ನಮಗೆ ಕೆಸರುಮೀನು. ಅದನ್ನು ನಾವು ತಿನ್ನುವಂತಿಲ್ಲ, ಕೊಲ್ಲುವಂತಿಲ್ಲ. ಸತ್ತದ್ದು ಕಂಡರೆ ಬಟ್ಟೆ ಸುತ್ತಿ ಹೂಳಬೇಕು, ಒಡಹುಟ್ಟಿದವರನ್ನು ಹೂಳಿದಂತೆ. ಕೆರೆ ಬತ್ತುವಾಗ ಅದು ಮೊಳದಾಳ ಮಣ್ಣಿಗಿಳಿದು, ತನ್ನ ಮೈಯ ಲೋಳೆಯನ್ನೇ ಹೊದ್ದು, ಸುರುಳಿ ಸುತ್ತಿಕೊಂಡು ಮಲಗುತ್ತದೆ. ಗಾಳಿ ಉಸಿರಾಡುತ್ತ ಆರೇಳು ತಿಂಗಳು ಮಳೆಗೆ ಕಾಯುತ್ತದೆ. ತಾಳಿದವನು ಬಾಳಿಯಾನು ಎಂಬ ಮಾತನ್ನು ಅದರಷ್ಟು ಅಕ್ಷರಶಃ ನಂಬಿದವರು ಇನ್ನೊಬ್ಬರಿಲ್ಲ. ನಂಬಿದ್ದಕ್ಕೆ ಏನು ಸಿಕ್ಕಿತು ನೋಡಿ.

ಜನವರಿಯಲ್ಲಿ ತಮ್ಮ ಸಮೀಕ್ಷಕರು ಬೈಕಿನಲ್ಲಿ ಬಂದರು. ಮರಳುಗಾಡಿನಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳಿಗೆ ಮೂಗು ಮುಚ್ಚಿಕೊಂಡು, ಬಿರುಕುಬಿಟ್ಟ ಕೆರೆಯಂಗಳದ ನಡುವೆ ನಿಂತು ಬರೆಯತೊಡಗಿದರು. ಮೀನಿದೆ ಎಂದೆ. ನಕ್ಕರು.

“ಅಜ್ಜೀ, ನೀರೇ ಇಲ್ಲ, ಮೀನೆಲ್ಲಿಂದ ಬರ್ಬೇಕು?”

“ಕೆಳಗೆ ಮಲ್ಗಿದೆ ಕಣಪ್ಪ.”

“ಹೌದಾ? ಹಾಗಾದ್ರೆ ಎಬ್ಬಿಸ್ರೀ, ಬರ್ಕೊಂಡು ಹೋಗ್ತೀನಿ.”

ಮನೆಗೆ ಓಡಿ ಸೋರೆಬುರುಡೆ ತಂದೆ. ಅದನ್ನು ಮಣ್ಣ ಮೇಲೆ ಬೋರಲು ಹಾಕಿ ಬೆರಳಲ್ಲಿ ಟಪಟಪ ಬಡಿದರೆ ಕೆಳಗಿರುವ ಮೀನು ಮಳೆ ಬಂತೆಂದುಕೊಂಡು ಮಿಸುಕುತ್ತದೆ, ಕಿರ್ರೆನ್ನುತ್ತದೆ. ಬೇರೆ ಕುಲದವರು ಮೀನು ಹಿಡಿಯುವುದೇ ಹೀಗೆ. ನಾವು ಮಾಡುವಂತಿಲ್ಲ, ಅಣ್ಣನಿಗೆ ಸುಳ್ಳು ಹೇಳಬಾರದು. ಐವತ್ತೆಂಟು ವರ್ಷ ಹೇಳದ ಸುಳ್ಳನ್ನು ತಮ್ಮ ವರದಿಗೋಸ್ಕರ ಆ ದಿನ ಹೇಳಿದೆ. ಎರಡು ಕಡೆಯಿಂದ ಉತ್ತರ ಬಂತು. ಆದರೆ ಅಷ್ಟರಲ್ಲಿ ಸಮೀಕ್ಷಕರು ಬೈಕು ಒದ್ದಾಗಿತ್ತು. ಆ ಸದ್ದಿನಲ್ಲಿ ಇನ್ನೇನು ಕೇಳಿಸೀತು? ವರದಿಯ ಪ್ರತಿಯನ್ನು ಆಮೇಲೆ ಕಷ್ಟಪಟ್ಟು ತರಿಸಿ ಓದಿದೆ. ನೀರು: ಇಲ್ಲ. ಮೀನು: ಇಲ್ಲ. ಇತರ ಜೀವಿಗಳು: ಇಲ್ಲ. ಸ್ಥಳೀಯರ ಸಹಕಾರ: ಉತ್ತಮ.

ಮಾನ್ಯರೇ, ಮಲಗಿದವರನ್ನೆಲ್ಲ ಇಲ್ಲದವರ ಪಟ್ಟಿಗೆ ಸೇರಿಸುವುದಾದರೆ ಮಧ್ಯಾಹ್ನ ಎರಡರ ನಂತರ ತಮ್ಮ ಕಚೇರಿಯಲ್ಲಿ ಎಷ್ಟು ಜನ ಉಳಿದಾರು?

ಫೆಬ್ರವರಿಯಲ್ಲಿ ಯಂತ್ರ ಬಂತು. ಮಣ್ಣು ಕಲಸುವ ಕಷ್ಟವನ್ನೂ ತೆಗೆದುಕೊಳ್ಳದೆ, ಒಣಗಿ ಕಲ್ಲಾಗಿದ್ದ ಕೆರೆಯಂಗಳವನ್ನೇ ದೊಡ್ಡ ದೊಡ್ಡ ಇಟ್ಟಿಗೆಗಳಾಗಿ ಕೊಯ್ದರು. ಅರ್ಧ ಭಟ್ಟಿಗೆ ಹೋಯಿತು. ಇನ್ನರ್ಧ ಸುಡದೆ ಹಸಿಯಾಗಿಯೇ ನಮ್ಮ ಹೊಸ ಆಸ್ಪತ್ರೆಯ ಗೋಡೆಯಾಯಿತು. ಗೋಡೆಗೆ ಮಣ್ಣು ಮೆತ್ತುವುದು ನಮ್ಮ ಕಡೆ ಹೆಂಗಸರ ಕೆಲಸ, ನನ್ನ ಕಸುಬು. ಕಳೆದ ವಾರ ಹೆರಿಗೆ ಕೋಣೆಯ ಗೋಡೆ ಮೆತ್ತಲು ನಾನೂ ಲಾಮಿಸಿಯೂ ಹೋದೆವು. ಲಾಮಿಸಿ ಮೊಸಳೆ ಕುಲದವಳು. ಅವರಿಗೂ ನಮಗೂ ತಮಾಷೆಯ ನಂಟು, ಏನಂದರೂ ಸಿಟ್ಟಾಗುವಂತಿಲ್ಲ. ಮೆತ್ತುವ ಮೊದಲು ಗೋಡೆಗೆ ನೀರು ಕುಡಿಸಬೇಕು. ಎರಡು ಕೊಡ ಎರಚಿ ಕೂತಿದ್ದೆವು. ಒಂದು ಇಟ್ಟಿಗೆ ಉಬ್ಬಿತು, ಬಿರಿಯಿತು, ಅದರಿಂದ ಮೂತಿಯೊಂದು ಹೊರಬಂತು.

“ಅಯ್ಯಯ್ಯೋ, ಗೋಡೆ ಹೆರ್ತಾ ಇದೆ ಕಣೇ!” ಎಂದು ಲಾಮಿಸಿ ಕೊಡ ಬಿಟ್ಟಳು. ಆಮೇಲೆ ಬಗ್ಗಿ ನೋಡಿ, “ಏ ಅಯಿನ್‌ಪೋಕಾ, ನಿಮ್ಮಣ್ಣ! ಹೆರಿಗೆ ಕೋಣೆಗೆ ಗಂಡಸ್ರು ಬರ್ಬಾರ್ದು ಅಂತ ಹೇಳೇ ಅವ್ನಿಗೆ!” ಎಂದಳು.

ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ? ಮೊದಲು ನಗು ನಿಲ್ಲಿಸಿದವಳು ಲಾಮಿಸಿಯೇ.

“ಅಲ್ವೇ... ಆ ಕಡೆ ಗೋಡೇಲಿ ಇನ್ನೆಷ್ಟು ಜನ ಇದಾರೋ?”

ಅವಳೇ ಬುರುಡೆ ತಂದು ಗೋಡೆಯುದ್ದಕ್ಕೂ ಬಡಿದಳು. ಎಲ್ಲಿಂದಲೂ ಉತ್ತರ ಬರಲಿಲ್ಲ. ಅಲ್ಲಿಂದ ಭಟ್ಟಿಗೆ ಹೋಗಿ ಒಡೆದ ಇಟ್ಟಿಗೆಗಳ ರಾಶಿ ಕೆದಕಿದೆವು. ಏಳು ಇಟ್ಟಿಗೆಗಳಲ್ಲಿ ಸುರುಳಿಯಾಕಾರದ ಪೊಳ್ಳು, ಒಳಗೆ ಬಿಳಿ ಮೂಳೆ. ನಾನು ಉಡುವ ಒಳ್ಳೆಯ ಬಟ್ಟೆಯನ್ನು ಏಳು ತುಂಡು ಮಾಡಿ ಸುತ್ತಿ ಹೂತೆ. ಲಾಮಿಸಿ ಆ ದಿನ ಮತ್ತೆ ತಮಾಷೆ ಮಾಡಲಿಲ್ಲ. ಒಡೆಯದ ಇಟ್ಟಿಗೆಗಳು ಲಾರಿ ಹತ್ತಿ ಯಾವ ಊರಿಗೆ ಹೋದವೋ, ಯಾರ ಮಲಗುವ ಕೋಣೆಯಾದವೋ ನನಗೆ ಗೊತ್ತಿಲ್ಲ.

ಕಂಪನಿಯದೊಂದೇ ತಪ್ಪು ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ನಾನು ಹುಡುಗಿಯಾಗಿದ್ದಾಗ ಏಪ್ರಿಲ್ ಕೊನೆಗೆ ಮಳೆ ಹಿಡಿಯುತ್ತಿತ್ತು. ಈಗ ಮೇ ಮುಗಿಯುತ್ತ ಬಂದರೂ ಬಾನು ಬೋಳು. ಹೋದ ವರ್ಷ ಮಾರ್ಚಿನಲ್ಲೇ ಒಂದು ದಿನ ಧೋ ಎಂದು ಸುರಿದು ನಿಂತುಬಿಟ್ಟಿತು. ಕೆಳಗಿದ್ದವೆಲ್ಲ ಎದ್ದು ಬಂದವು. ನಾಲ್ಕು ದಿನಕ್ಕೆ ನೀರು ಇಂಗಿತು. ಮತ್ತೆ ಹೊದ್ದು ಮಲಗಲು ಮೈಯಲ್ಲಿ ಲೋಳೆಯಿಲ್ಲದೆ ಎಷ್ಟೋ ಮೀನುಗಳು ಕಾಗೆಯ ಪಾಲಾದವು. ಮೊದಲು ಮಳೆಯ ಸುಳ್ಳು ಹೇಳುತ್ತಿದ್ದವರು ಬುರುಡೆ ಬಡಿಯುವ ಮನುಷ್ಯರು ಮಾತ್ರ. ಈಗ ಆಕಾಶವೂ ಕಲಿತಿದೆ. ಕಲಿಸಿದ್ದು ದೂರದೇಶಗಳ ಹೊಗೆಯಂತೆ, ಇಲ್ಲೇ ಕಡಿದ ಕಾಡಂತೆ, ರೇಡಿಯೋದಲ್ಲಿ ಹೇಳುತ್ತಾರೆ. ಇರಬಹುದು, ನಾನೂ ಇದ್ದಿಲು ಸುಟ್ಟು ಮಾರಿದವಳೇ. ಆಕಾಶಕ್ಕೆ ನೋಟೀಸು ಕೊಡಿ ಎಂದು ಕೇಳುವಷ್ಟು ದಡ್ಡಿಯಲ್ಲ. ಯಂತ್ರಕ್ಕೆ ಕೊಡಬಹುದಲ್ಲ?

“ಆಸ್ಪತ್ರೆ ಬೇಕು ಅಂತೀಯ, ಇಟ್ಟಿಗೆ ಬೇಡ ಅಂತೀಯ. ಗೋಡೇನ ಗಾಳೀಲಿ ಕಟ್ಲಾ?” ಎಂದು ನಮ್ಮ ಮುಖ್ಯಸ್ಥರು ಕೇಳಿದರು. ನ್ಯಾಯವಾದ ಮಾತೇ. ಗುಡ್ಡದಾಚೆ ನಮ್ಮಜ್ಜಿಯರು ಮಣ್ಣು ತೆಗೆಯುತ್ತಿದ್ದ ಹಳೆಯ ಗುಂಡಿಯಿದೆ, ಅಲ್ಲಿ ಯಾರೂ ಮಲಗಿಲ್ಲ. ಲಾರಿಗೆ ಎರಡು ಮೈಲಿ ಹೆಚ್ಚಾಗುತ್ತದೆ, ಅಷ್ಟೆ. ಈ ಅರ್ಧ ಕೆರೆಯಲ್ಲಿ ಮಲಗಿರುವುದು ನಮ್ಮಣ್ಣಂದಿರು ಮಾತ್ರವಲ್ಲ. ಕಪ್ಪೆಗಳಿವೆ, ಬಸವನಹುಳುಗಳಿವೆ, ಬರಗಾಲದಲ್ಲಿ ನಮ್ಮ ಮಕ್ಕಳ ಹೊಟ್ಟೆ ತುಂಬಿಸಿದ ನೈದಿಲೆ ಗೆಡ್ಡೆಯಿದೆ. ಅವನ್ನು ನಂಬಿ ಬರುವ ಕೊಕ್ಕರೆಗಳು ಈಗ ಯಾವ ದೇಶದಲ್ಲಿವೆಯೋ. ಅವಕ್ಕೆ ತಮ್ಮ ನೋಟೀಸು ತಲುಪಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟೆ. ಮಳೆ ಬಂದು ಮೂರು ದಿನವಾಗುವವರೆಗೆ ಯಂತ್ರ ಕೆರೆಗಿಳಿಯಬಾರದು. ಮೂರನೆಯ ದಿನ ತಾವೇ ಬನ್ನಿ, ಬೈಕಿನ ಸದ್ದಿಲ್ಲದೆ, ನಡೆದುಕೊಂಡು. ಬಂದು ಎಣಿಸಿ. ಆಗಲೂ ‘ಇಲ್ಲ’ ಎಂದು ಬರೆಯುವಂತಿದ್ದರೆ ಬರೆಯಿರಿ, ಐದನೆಯ ಪತ್ರ ಬರೆಯುವುದಿಲ್ಲ.

ಗೋಡೆಯಿಂದ ಬಂದವನು ನನ್ನ ಮನೆಯಲ್ಲಿದ್ದಾನೆ, ಒಂದು ಮಡಕೆ ಕೆಸರಿನಲ್ಲಿ. ದಿನಕ್ಕೊಂದು ಚೊಂಬು ಕುಡಿಯುವ ನೀರು ಅವನ ಪಾಲಿಗೆ ಎತ್ತಿಡುತ್ತೇನೆ. ಬಡಕಲಾಗಿದ್ದಾನೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡು ಕೆಳಗಿಳಿಯುತ್ತಾನೆ. ಮನೆಯಲ್ಲಿ ಯಾರೂ ಮರೆತು ಬಡಿಯಬಾರದೆಂದು ಸೋರೆಬುರುಡೆಯನ್ನು ಲಾಮಿಸಿಯ ಮನೆಗೆ ಕೊಟ್ಟುಬಂದಿದ್ದೇನೆ. ಅವನಿಗೆ ಇನ್ನು ಸುಳ್ಳು ಹೇಳಲಾರೆ. ಮಳೆ ತಡವಾಗಿಯಾದರೂ ಬಂದೇ ಬರುತ್ತದೆ. ಬಂದ ದಿನ ಈ ಮಡಕೆಯನ್ನು ತಲೆಯ ಮೇಲೆ ಹೊತ್ತು ನಾನು ಎಲ್ಲಿಗೆ ಹೋಗಲಿ? ಜೂನ್ ಒಂದರೊಳಗೆ ಅದೊಂದನ್ನು ಬರೆದು ತಿಳಿಸಿ. ಮೊಹರು ಬೇಡ.

ಇಂತಿ,
ತಮ್ಮ ವರದಿಯ ಪ್ರಕಾರ ಇಲ್ಲದ ಮೀನಿನ ತಂಗಿ,
ಅಯಿನ್‌ಪೋಕಾ
ಗೋಡೆ ಮೆತ್ತುವವಳು